ಹತ್ತೊಂಬತ್ತು ಹೆಬ್ಬೆಟ್ಟು

"ನೀನು ಹುಟ್ಟಿದೀಯ ಅನ್ನೋದಕ್ಕೆ ಏನು ಗ್ಯಾರಂಟಿ?"

ಗುಮಾಸ್ತ ಇಷ್ಟು ಹೇಳಿ ಪಕ್ಕದ ಕೌಂಟರಿನವನ ಕಡೆ ನೋಡಿದ. ಅವನು ನಕ್ಕ. ಸಾಲಿನಲ್ಲಿದ್ದ ನಾಲ್ಕಾರು ಜನರೂ ನಕ್ಕರು. ನಗದಿದ್ದರೆ ತಮ್ಮ ಫೈಲು ಎಲ್ಲಿ ರಾಶಿಯ ಅಡಿಗೆ ಬೀಳುತ್ತದೋ ಎಂಬ ಭಯ ಅವರಿಗೆ.

"ನಿಂತಿದೀನಲ್ಲ ಸ್ವಾಮಿ, ನಿಮ್ ಮುಂದೇನೇ" ಎಂದಳು ಚೀಲದಕ್ಕ.

"ನಿಂತಿರೋದು ನನಗೆ ಕಾಣತ್ತೆ. ಕಾಗದಕ್ಕೆ ಕಾಣಬೇಕಲ್ಲ? ಹುಟ್ಟಿದ್ದು ಬರೆಸಿಲ್ಲ, ಸ್ಕೂಲಿನ ಮುಖ ನೋಡಿಲ್ಲ, ಮದುವೆ ಬರೆಸಿಲ್ಲ, ಗಂಡ ಸತ್ತಿದ್ದೂ ಬರೆಸಿಲ್ಲ. ಪಾಸ್‌ಪೋರ್ಟ್ ಮಾತ್ರ ಬೇಕಂತೆ. ಎಲ್ಲಿಗೆ, ಟೂರಿಗಾ?"

"ಮಗಳು ಆಸ್ಪತ್ರೇಲಿದಾಳೆ ಸ್ವಾಮಿ. ಹೊರದೇಶದಲ್ಲಿ."

ಅವನು ನಗು ನಿಲ್ಲಿಸಿದ. ಕನಿಕರಕ್ಕಲ್ಲ, ಊಟದ ಹೊತ್ತಾಗಿತ್ತು. "ಇರೋದನ್ನ ತೆಗಿ, ಬೇಗ."

ಇದ್ದದ್ದು ಒಂದೇ. ಪ್ಲಾಸ್ಟಿಕ್ ಕವರಿನಿಂದ ಚೀಲದಕ್ಕ ಕೆಲಸದ ಕಾರ್ಡನ್ನು ತೆಗೆದು ಕಿಂಡಿಯೊಳಗೆ ನೂಕಿದಳು. ಅದರಲ್ಲಿ ಅವಳ ಫೋಟೋ ಇತ್ತು, ಅಂದಾಜಿನ ವಯಸ್ಸಿತ್ತು, ಕೆಳಗೆ ಹೆಬ್ಬೆಟ್ಟಿನ ಗುರುತಿತ್ತು. ಗುಮಾಸ್ತ ಅದನ್ನು ಎರಡು ಬೆರಳಲ್ಲಿ ಎತ್ತಿ ಸುಣ್ಣದ ಧೂಳನ್ನು ಊದಿದ.

"ಇದು ನಡೆಯತ್ತೆ. ಕಾರ್ಮಿಕರ ಕಚೇರಿಯಿಂದ ಮೂಲ ಪುಸ್ತಕ ತರಿಸಿ ಹೆಬ್ಬೆಟ್ಟು ತಾಳೆ ನೋಡ್ತೀವಿ. ಗುರುವಾರ ಬಾ."

ಮೂಲ ಪುಸ್ತಕ ಎಂದದ್ದೇ ತಡ, ಚೀಲದಕ್ಕ ಕಾರ್ಡು ವಾಪಸ್ಸು ತೆಗೆದುಕೊಳ್ಳಲು ಕಿಂಡಿಗೆ ಕೈ ಹಾಕಿದಳು. ಬೇಡ ಸ್ವಾಮಿ ಎನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಹಿಂದಿದ್ದವನು ಅವಳನ್ನು ಪಕ್ಕಕ್ಕೆ ಸರಿಸಿ ತನ್ನ ಕಾಗದ ಒಳಗೆ ನೂಕಿದ.

ಆ ಪುಸ್ತಕದಲ್ಲಿ ಏನಿದೆ ಎಂಬುದು ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಅವಳದು ಸುಣ್ಣದ ಗೂಡಿನಲ್ಲಿ ಚೀಲ ಹೊಲಿಯುವ ಕೆಲಸ. ಉಳಿದ ಹತ್ತೊಂಬತ್ತು ಹೆಂಗಸರದು ಸುಟ್ಟ ಕಲ್ಲಿಗೆ ನೀರು ಹೊಡೆದು, ಅರಳಿದ ಸುಣ್ಣವನ್ನು ಜರಡಿ ಹಿಡಿದು ತುಂಬುವುದು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುತ್ತಾರೆ. ಇವರ ಪಾಲಿಗೆ ಬಂದದ್ದು ಎರಡು ಕಣ್ಣಿಗೂ ಸುಣ್ಣವೇ. ಬೆವರಿಗೆ ಸೇರಿದ ಸುಣ್ಣ ಮೊದಲು ತಿನ್ನುವುದು ಬೆರಳ ತುದಿಯನ್ನು. ಎರಡು ವರ್ಷ ಕೆಲಸ ಮಾಡಿದವಳ ಬೆರಳು ನುಣ್ಣಗೆ ಸವೆದುಹೋಗಿರುತ್ತದೆ, ಹುಡುಕಿದರೂ ಒಂದು ಗೆರೆ ಸಿಗುವುದಿಲ್ಲ.

ಆರು ವರ್ಷದ ಹಿಂದೆ ಗೂಡಿನ ಕೆಲಸದವರಿಗೆಲ್ಲ ಕಾರ್ಡು ಮಾಡಿಸಬೇಕೆಂದು ಸರ್ಕಾರದ ಹುಕುಂ ಬಂತು. ಕಾರ್ಡಿದ್ದವರ ಎದೆ ಕೆಟ್ಟರೂ ಹೆರಿಗೆಯಾದರೂ ಆಸ್ಪತ್ರೆಯ ಖರ್ಚು ಧಣಿಯ ತಲೆಗೆ. ಧಣಿ ಕೊನೆಯ ದಿನದವರೆಗೂ ತಳ್ಳಿದ. ಕೊನೆಯ ದಿನ ಮಧ್ಯಾಹ್ನ ಮೇಸ್ತ್ರಿ ಪುಸ್ತಕ, ಶಾಯಿಯ ಡಬ್ಬಿ ಹಿಡಿದು ಚೀಲದ ಷೆಡ್ಡಿಗೆ ಬಂದು ಕೂತ. ಮೊದಲು ಒತ್ತಿದವಳು ಕೆಮ್ಮಜ್ಜಿ, ಎಲ್ಲರಿಗಿಂತ ಹಳಬಳು. ಕಾಗದದ ಮೇಲೆ ಒಂದು ಕಪ್ಪು ಮಚ್ಚೆ ಮೂಡಿತು, ಅಷ್ಟೇ. ಎರಡನೆಯವಳದೂ ಮಚ್ಚೆ. ಮೂರನೆಯವಳದೂ ಮಚ್ಚೆ.

"ಥೂ ಮುಂಡೇವಾ, ಒಬ್ಬಳಿಗೂ ಹೆಬ್ಬೆಟ್ಟೇ ಇಲ್ವಲ್ರೇ! ಇದನ್ನ ತಗೊಂಡೋದ್ರೆ ಮುಖದ ಮೇಲೆ ಬಿಸಾಕ್ತಾರೆ" ಎಂದು ಮೇಸ್ತ್ರಿ ಆ ಹಾಳೆಗಳನ್ನು ಹರಿದ. ಸುತ್ತ ನೋಡಿದಾಗ ಚೀಲದಕ್ಕ ಕಣ್ಣಿಗೆ ಬಿದ್ದಳು. "ಏ ಚೀಲ, ನಿಂದು ನೆಟ್ಟಗಿದೆ. ಬಾ ಇಲ್ಲಿ, ಎಲ್ಲರದೂ ನೀನೇ ಒತ್ತಿ ಸಾಯಿ."

ಅವಳು ಒತ್ತಿದಳು. ತಲೆಯ ಮೇಲಿನ ಹೊರೆ ಇಳಿಸಲು ಒಂದು ಕೈ ಕೊಟ್ಟ ಹಾಗೆ ಎಂದುಕೊಂಡೇ ಒತ್ತಿದಳು. ಬೆನ್ನು ಬಾಗಿದವರ ನಡುವೆ ಅದಕ್ಕಿಂತ ದೊಡ್ಡ ಅರ್ಥ ಅದಕ್ಕೆ ಇರಲಿಲ್ಲ. "ಇನ್ನು ಮೇಲೆ ನಾವೆಲ್ಲ ನಿನ್ನ ಬೆರಳಿಗೆ ಹುಟ್ಟಿದವರು ಕಣಕ್ಕ" ಎಂದು ಹೆಂಗಸರು ನಗಾಡಿದ್ದರು. ಅವಳ ಹೆಬ್ಬೆರಳಿಗೆ ಯಾವತ್ತೋ ದಬ್ಬಣ ಹರಿದು ಅಡ್ಡಕ್ಕೆ ಒಂದು ಗಾಯದ ಗೆರೆ ಉಳಿದಿತ್ತು. ಇಪ್ಪತ್ತು ಹಾಳೆಯಲ್ಲೂ ಆ ಗೆರೆ ಮೂಡಿತು. ಕುರುಡನಿಗೂ ಕಾಣುವ ಗೆರೆ. ಆವತ್ತು ಯಾರೂ ನೋಡಲಿಲ್ಲ, ಯಾಕೆಂದರೆ ಆವತ್ತು ಯಾರಿಗೂ ನೋಡುವುದು ಬೇಕಿರಲಿಲ್ಲ.

ಕೌಂಟರಿನಿಂದ ವಾಪಸ್ಸು ಬಂದ ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಫೋನು ಬಂತು. ಆ ದೂರದ ಆಸ್ಪತ್ರೆಯ ನರ್ಸು. ನಮ್ಮ ಮಾತು ಬಲ್ಲವಳು ಅಲ್ಲಿ ಅವಳೊಬ್ಬಳೇ.

"ಅಕ್ಕ, ಪಾಸ್‌ಪೋರ್ಟ್ ಆಯ್ತಾ?"

"ಗುರುವಾರ ಬಾ ಅಂದಿದಾರಮ್ಮ. ಹೇಗಿದಾಳೆ?"

"ಕಣ್ಣು ಬಿಡ್ತಾಳೆ. ಸೊಂಟದಿಂದ ಕೆಳಗೆ ಅಲ್ಲಾಡ್ತಿಲ್ಲ. ಅಮ್ಮ ಅಂತಾಳೆ, ಇನ್ನೇನೂ ಇಲ್ಲ." ಬಟ್ಟೆ ಒಣಹಾಕುವಾಗ ಮೂರನೇ ಮಹಡಿಯಿಂದ ಬಿದ್ದಳು ಎಂದು ಮಗಳು ಕೆಲಸಕ್ಕಿದ್ದ ಮನೆಯವರು ಆಸ್ಪತ್ರೆಯಲ್ಲಿ ಬರೆಸಿದ್ದರು. ಆಮೇಲೆ ಅವರು ಫೋನು ಎತ್ತಿರಲಿಲ್ಲ. "ನೋಡಕ್ಕ, ಟಿಕೆಟ್ಟು ಇಲ್ಲಿನ ಕೆಲಸಗಾರರ ಸಂಘದವರು ಕೊಡ್ತಾರೆ. ಆದ್ರೆ ಮನೆಯವರು ಯಾರಾದ್ರೂ ಬಂದು ಸಹಿ ಮಾಡಿ ಕರ್ಕೊಂಡು ಹೋಗ್ಬೇಕು. ತಿಂಗಳ ಕೊನೆಗೆ ಇವಳ ಮಂಚ ಖಾಲಿ ಮಾಡಿಸ್ತಾರೆ."

"ಖಾಲಿ ಮಾಡ್ಸಿ ಎಲ್ಲಿಗೆ ಹಾಕ್ತಾರೆ?"

"ಅದು ನನಗೂ ಗೊತ್ತಿಲ್ಲಕ್ಕ. ಹಾಗೆ ಹೋದವರನ್ನ ನಾನು ಆಮೇಲೆ ನೋಡಿಲ್ಲ."

ಅವತ್ತಿನಿಂದ ಚೀಲದಕ್ಕನಿಗೆ ಹಗ್ಗವೆಲ್ಲ ಹಾವಾಯಿತು. ಗೇಟಿನಲ್ಲಿ ಬೈಕು ನಿಂತರೆ ಪೊಲೀಸು, ಯಾರಾದರೂ ಜೋರಾಗಿ ಕರೆದರೆ ಪೊಲೀಸು. ದಬ್ಬಣ ಹಿಡಿದರೆ ತನ್ನದೇ ಹೆಬ್ಬೆರಳು ಕಂಡು ಬೆಚ್ಚುವಳು. ಹದಿನೆಂಟು ಹೊಲಿಗೆ ಹಾಕುವಲ್ಲಿ ಹನ್ನೆರಡು ಹಾಕಿ ಗಂಟು ಬಿಗಿದಳು. ಚೀಲ ಬಾಯಿಬಿಟ್ಟು ಸುಣ್ಣ ಚೆಲ್ಲಿತು, ಬೈಸಿಕೊಂಡಳು.

ಬುಧವಾರ ಮೇಸ್ತ್ರಿಯೇ ಬಂದ. ಹೊಲಿದಿಟ್ಟ ಚೀಲವನ್ನು ಕಾಲಲ್ಲಿ ಒದ್ದು ಕೇಳಿದ:

"ಯಾಕೆ ಲೌಡಿ, ಮಲಗಿದ್ದ ನಾಯೀನ ಎಬ್ಬಿಸ್ದೆ? ಪಾಸ್‌ಪೋರ್ಟ್ ಸಾಹೇಬ ಧಣಿಗೆ ಫೋನ್ ಮಾಡಿದ್ದ. ಇಪ್ಪತ್ತು ಜನಕ್ಕೂ ಒಂದೇ ಹೆಬ್ಬೆಟ್ಟಂತೆ!"

"ನೀವೇ ಹೇಳಿದ್ರಲ್ಲ, ಒತ್ತು ಅಂತ."

"ನಾನಾ? ಎಲ್ಲಿದೆ ಅದಕ್ಕೆ ಸಾಕ್ಷಿ? ನನ್ ಹೆಬ್ಬೆಟ್ಟು ಎಲ್ಲಾದ್ರೂ ಇದೆಯಾ ಆ ಪುಸ್ತಕದಲ್ಲಿ?" ಮೇಸ್ತ್ರಿ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ದನಿ ಇಳಿಸಿದ. ಬೈಯುವ ಮೇಸ್ತ್ರಿಗಿಂತ ಮೆಲ್ಲಗೆ ಮಾತಾಡುವ ಮೇಸ್ತ್ರಿಯೆಂದರೆ ಅವಳಿಗೆ ಹೆಚ್ಚು ಭಯ. "ಅಳಬೇಡ. ಧಣಿ ದೊಡ್ಡ ಮನಸ್ಸು ಮಾಡಿದಾರೆ. ಒಂದು ಹೇಳಿಕೆ ಬರೆಸಿದಾರೆ, ನಾಳೆ ಸಾಹೇಬರ ಮುಂದೆ ಅದಕ್ಕೊಂದು ಹೆಬ್ಬೆಟ್ಟು ಒತ್ತು. ನಿನ್ನ ಕಾರ್ಡು ಸರಿಯಾಗಿದೆ ಅಂತ ಸಾಹೇಬ ಬರೀತಾನೆ. ಎಂಟು ದಿನಕ್ಕೆ ಪಾಸ್‌ಪೋರ್ಟ್. ಇದು ಅದರ ನಕಲು, ಇಟ್ಕೋ. ಓದಿಸಿ ಕೇಳಿದೀನಿ ಅಂತ ಹೇಳ್ಬೇಕು ನೀನು."

"ಏನಂತ ಬರೆದಿದೆ ಅದ್ರಲ್ಲಿ?"

"ನಿನಗೆ ಮಗಳು ಬೇಕು ಅಂತ ಬರೆದಿದೆ" ಎಂದು ಮೇಸ್ತ್ರಿ ಎದ್ದು ಹೋದ.

ಸಂಜೆ ನಲ್ಲಿಯ ಹತ್ತಿರ ಮೈಯ ಸುಣ್ಣ ತೊಳೆದುಕೊಳ್ಳುತ್ತ ಹೆಂಗಸರೆಲ್ಲ ಸೇರಿದ್ದಾಗ ಚೀಲದಕ್ಕ ಆ ಕಾಗದವನ್ನು ಮೊಂಡಿಯ ಕೈಗೆ ಕೊಟ್ಟಳು. ಅವರಲ್ಲಿ ನಾಲ್ಕನೇ ಕ್ಲಾಸು ಓದಿದವಳು ಮೊಂಡಿ ಒಬ್ಬಳೇ. ಮೊಂಡಿ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು: ಈ ಹತ್ತೊಂಬತ್ತು ಹೆಂಗಸರು ಗೂಡಿನಲ್ಲಿ ಎಂದೂ ಕೆಲಸ ಮಾಡಿದವರಲ್ಲ. ಧಣಿಗೂ ಮೇಸ್ತ್ರಿಗೂ ತಿಳಿಯದಂತೆ ನಾನು ಇವರ ಪರವಾಗಿ ಸುಳ್ಳು ಹೆಬ್ಬೆಟ್ಟು ಒತ್ತಿದ್ದೇನೆ. ಇವರ ಕಾರ್ಡುಗಳನ್ನು ರದ್ದು ಮಾಡಬೇಕು.

ನಲ್ಲಿ ಸುರಿಯುತ್ತಲೇ ಇತ್ತು. ಯಾರೂ ಕೊಡ ಸರಿಸಲಿಲ್ಲ.

"ರದ್ದು ಮಾಡಿದ್ರೆ ಅಜ್ಜಿಯ ಆಕ್ಸಿಜನ್ನು?" ಎಂದು ಕೇಳಿದಳು ಗುಂಪಿನಲ್ಲಿದ್ದ ಬಸುರಿ. ವಾರಕ್ಕೆರಡು ಸಲ ಕೆಮ್ಮಜ್ಜಿ ಆಸ್ಪತ್ರೆಗೆ ಹೋಗಿ ಮೂಗಿಗೆ ಕೊಳವೆ ಹಾಕಿಸಿಕೊಳ್ಳುತ್ತಿದ್ದದ್ದು ಆ ಕಾರ್ಡಿನ ಮೇಲೆಯೇ. "ನನ್ನ ಹೆರಿಗೆ?"

"ಒತ್ತು ಮಗಳೇ" ಎಂದಳು ಕೆಮ್ಮಜ್ಜಿ. ಎರಡು ಮಾತಿಗೆ ಮೂರು ಸಲ ಕೆಮ್ಮಿದಳು. "ನಾನು ಇವತ್ತೋ ನಾಳೆಯೋ ಬಿದ್ದು ಹೋಗೋ ಮರ. ನಿಂದು ಎಳೇ ಕೂಸು ಅಲ್ಲಿ ಬಿದ್ಕೊಂಡಿದೆ. ಒತ್ತು."

"ನೀನು ಸಾಯ್ತೀಯ, ಸರಿ ಅಜ್ಜಿ. ನಾವ್ಯಾಕೆ ಸಾಯ್ಬೇಕು?" ಮೊಂಡಿ ಕಾಗದವನ್ನು ಚೀಲದಕ್ಕನ ಕಡೆ ಎಸೆದಳು. "ಹದಿನಾಲ್ಕು ವರ್ಷ ಈ ಸುಣ್ಣ ತಿಂದಿದೀನಿ. ಒಂದು ದಿನಾನೂ ಕೆಲಸ ಮಾಡಿಲ್ಲ ಅಂತ ಬರೆದಿದಾನಲ್ಲ ಬೋಳಿಮಗ!"

ಚೀಲದಕ್ಕ ಕಾಯುತ್ತ ನಿಂತಳು. ಬೇಡ ಎಂದು ಯಾರಾದರೂ ಜುಟ್ಟು ಹಿಡಿದಿದ್ದರೆ ಸುಲಭವಾಗುತ್ತಿತ್ತು. ಒತ್ತು ಎಂದು ಎಲ್ಲರೂ ಹೇಳಿದ್ದರೂ ಸುಲಭವಾಗುತ್ತಿತ್ತು. ಮೊಂಡಿ ತನ್ನ ಕೊಡ ಪಕ್ಕಕ್ಕಿಟ್ಟು, ಚೀಲದಕ್ಕನ ಕೊಡವನ್ನು ನಲ್ಲಿಯ ಕೆಳಗಿಟ್ಟು, ತುಂಬುವವರೆಗೂ ಮುಖ ತಿರುಗಿಸಿ ನಿಂತಿದ್ದಳು.

ಗುರುವಾರ ಅವಳನ್ನು ಕೌಂಟರಿನಲ್ಲಿ ನಿಲ್ಲಿಸಲಿಲ್ಲ. ಸೀದಾ ಮೇಲಿನ ಕೋಣೆಗೆ ಕಳಿಸಿದರು. ಅಲ್ಲಿ ಸಾಹೇಬನಿದ್ದ. ಅವನ ಎದುರಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಮೇಸ್ತ್ರಿಯಿದ್ದ. ಇನ್ನೊಂದು ಕುರ್ಚಿ ಖಾಲಿಯಿತ್ತು. ಕೂರು ಎಂದು ಯಾರೂ ಹೇಳಲಿಲ್ಲ. ಮೇಜಿನ ಮೇಲೆ ಆ ಪುಸ್ತಕ ತೆರೆದು ಬಿದ್ದಿತ್ತು, ಹಾಳೆಹಾಳೆಗೂ ಕೆಂಪು ಪೆನ್ನಿನಲ್ಲಿ ಗುಂಡು ಸುತ್ತಿದ್ದರು.

"ನೋಡಮ್ಮ," ಎಂದ ಸಾಹೇಬ. ಅವನ ದನಿ ಹಿತವಾಗಿತ್ತು. "ಕಾನೂನಿನ ಪ್ರಕಾರ ಇದಕ್ಕೆ ಏಳು ವರ್ಷ ಜೈಲು. ಅಷ್ಟರಲ್ಲಿ ನಿನ್ನ ಮಗಳು ಏನಾಗ್ತಾಳೋ. ನಾನೂ ಮಕ್ಕಳೊಂದಿಗ. ಈ ಹೇಳಿಕೆ ಓದಿಸಿ ಕೇಳಿದೀಯಾ?"

"ಕೇಳಿದೀನಿ."

"ಒಪ್ಪಿಗೆ ತಾನೇ?"

ಆಸ್ಪತ್ರೆಯ ಮಂಚ, ಕಣ್ಣು ಬಿಟ್ಟು ಅಮ್ಮ ಅನ್ನುವ ಹುಡುಗಿ, ಅದೇ ಅವಳ ಕಣ್ಣ ಮುಂದೆ ಇತ್ತು. ನಿಜ ಹೇಳಬೇಕೆಂದರೆ ಒತ್ತಿಬಿಡೋಣ ಎಂದೇ ಅವಳು ಮೆಟ್ಟಿಲು ಹತ್ತಿ ಬಂದಿದ್ದಳು. ಸಾಹೇಬ ಹೇಳಿಕೆಯನ್ನೂ ಶಾಯಿಯ ಡಬ್ಬಿಯನ್ನೂ ಅವಳ ಕಡೆ ಸರಿಸಿದ. ಅವಳು ಹೆಬ್ಬೆರಳನ್ನು ಅದ್ದಿದಳು.

"ಕೆಳಗಡೆ ಒತ್ತು, ಇಲ್ಲಿ" ಎಂದ ಮೇಸ್ತ್ರಿ. ಆಮೇಲೆ ಸಾಹೇಬನ ಕಡೆ ತಿರುಗಿ ನಕ್ಕ. "ಪೀಡೆ ತೊಲಗಿತು ಸಾರ್. ಆ ಹತ್ತೊಂಬತ್ತು ಮುದಿ ಗೊಡ್ಡುಗಳನ್ನ ಸೋಮವಾರವೇ ಗೇಟಿನಿಂದಾಚೆ ಹಾಕ್ತೀವಿ. ಕೆಲಸ ಮಾಡಿದ್ರು ಅಂತ ಇನ್ನು ಯಾವ ನಾಯಿ ಹೇಳತ್ತೆ?"

ಚೀಲದಕ್ಕ ಕೆಳಗಡೆ ಒತ್ತಲಿಲ್ಲ. ಕಾಗದದ ತಲೆಯ ಮೇಲೆ, ಮೊದಲ ಸಾಲಿನ ಮೊದಲ ಅಕ್ಷರದ ಮೇಲೆ ಒತ್ತಿದಳು.

"ಇದು ಕೆಮ್ಮಜ್ಜಿದು. ಮೂವತ್ತು ವರ್ಷ ಮಾಡಿದಾಳೆ."

"ಏ, ಅಲ್ಲಲ್ಲ, ಕೆಳಗೆ..."

"ಇದು ಮೊಂಡಿದು. ಹದಿನಾಲ್ಕು ವರ್ಷ." ಮತ್ತೆ ಡಬ್ಬಿಗೆ ಅದ್ದಿದಳು. "ಇದು ಬಸುರಿದು. ಇವು ಅಕ್ಕತಂಗಿಯರದು, ಎರಡು. ಇದು ಗಂಡ ಬಿಟ್ಟೋದವಳದು. ಇದು ಕಣ್ಣು ಹೋದವಳದು, ನಿಮ್ ಗೂಡಲ್ಲೇ ಹೋಗಿದ್ದು."

ಮೇಸ್ತ್ರಿ ಎದ್ದು ಅವಳ ರಟ್ಟೆ ಹಿಡಿದ. ಅವಳು ಕಿರುಚಿದ ರಭಸಕ್ಕೆ ಕೆಳಗೆ ಕೌಂಟರಿನ ಸಾಲೆಲ್ಲ ತಲೆಯೆತ್ತಿ ನೋಡಿತು. "ಬಿಡೋ ಕೈ ಸೂಳೆಮಗನೆ! ಒತ್ತು ಅಂದಿದ್ದು ನೀನೇ. ಆವತ್ತೂ ನೀನೇ, ಇವತ್ತೂ ನೀನೇ!" ತೆರೆದ ಬಾಗಿಲ ಹತ್ತಿರ ಇಬ್ಬರು ಮೂವರು ಬಂದು ನಿಂತರು. ಮೇಸ್ತ್ರಿ ಕೈ ಬಿಟ್ಟ.

ಅವಳು ಒತ್ತುತ್ತ ಹೋದಳು. ಒಬ್ಬೊಬ್ಬಳನ್ನೂ ಹೇಳಿ ಒತ್ತಿದಳು. ಅಡ್ಡಗೆರೆಯ ಹೆಬ್ಬೆಟ್ಟಿನ ಕೆಳಗೆ ಸಾಲುಗಳು ಒಂದೊಂದಾಗಿ ಮುಚ್ಚಿದವು. ಕೊನೆಗೆ ಆ ಕಾಗದದಲ್ಲಿ ಓದಲು ಒಂದು ಮಾತೂ ಉಳಿಯಲಿಲ್ಲ.

"ಇನ್ನೊಂದು ಪ್ರಿಂಟ್ ತೆಗೆಸ್ತೀನಿ ನಿನ್ನಜ್ಜಿ!" ಎಂದ ಮೇಸ್ತ್ರಿ.

"ತೆಗೆಸು. ಅದಕ್ಕೂ ಹೀಗೇ ಒತ್ತೀನಿ."

ಸಾಹೇಬನ ದನಿಯಲ್ಲಿ ಹಿತ ಹೋಗಿತ್ತು. ಗಂಟೆ ಒತ್ತಿದ, ಜವಾನ ಬಂದ, ಪೊಲೀಸಿನವರನ್ನು ಕರಿ ಎಂದ. ಆ ಮಾತು ಕೇಳಿ ಚೀಲದಕ್ಕ ಒಮ್ಮೆ ಬಾಗಿಲ ಕಡೆ ನೋಡಿದಳು. ಖಾಲಿ ಕುರ್ಚಿ ಎಳೆದುಕೊಂಡು ಕೂತಳು. ಬಲಗೈಯನ್ನು ಎಲ್ಲೂ ತಾಗದಂತೆ ಗಾಳಿಯಲ್ಲೇ ಹಿಡಿದಿದ್ದಳು.

"ಹತ್ತೊಂಬತ್ತಾಯ್ತು ಸಾಹೇಬ್ರೆ. ಇಪ್ಪತ್ತನೇದು ನಂದು. ನನ್ನ ಅರ್ಜಿ ಎಲ್ಲಿ?"

ಸಾಹೇಬ ಮೇಜಿನ ಮೇಲಿದ್ದ ಅವಳ ಅರ್ಜಿಯನ್ನು ಎತ್ತಿ ತನ್ನ ಖಾನೆಯೊಳಗೆ ಹಾಕಿ ಮುಚ್ಚಿದ. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು.

"ಬೇಗ ಕೊಡಿ" ಎಂದಳು ಚೀಲದಕ್ಕ. "ಶಾಯಿ ಒಣಗ್ತಾ ಇದೆ."