ಅತ್ತೆ ಗುಂಡಿ ಒತ್ತಿದ ಭಾನುವಾರ

ಹಲ್ಲಿನ ಡಾಕ್ಟರಿಗೆ ಹ್ಯಾಮ್ ರೇಡಿಯೋ ಹುಚ್ಚು. ಪರವಾನಗಿ ಪಡೆದು, ತಾರಸಿಯ ಮೇಲೆ ತಂತಿ ಕಟ್ಟಿ, ಎಲ್ಲೆಲ್ಲಿಯೋ ಇರುವ ಅಪರಿಚಿತರೊಡನೆ ಮಾತಾಡುವ ಹವ್ಯಾಸ. ಆ ಸುಖವನ್ನು ನಾಲ್ಕು ಜನಕ್ಕೆ ಹಂಚುವ ಆಸೆಯಿಂದ, ರೋಗಿಗಳ ಬಾಯಿಗೆ ಹತ್ತಿ ತುರುಕಿದ ಮೇಲೆ ಅದರ ವರ್ಣನೆ ಶುರುಮಾಡುತ್ತಿದ್ದರು. "ಭಾನುವಾರ ಮನೆಗೆ ಬನ್ನಿ, ತೋರಿಸ್ತೀನಿ. ಬರ್ತೀರಲ್ವಾ?" ಎಂದರೆ, ಬಾಯಿ ತೆರೆದು ಮಲಗಿದವರು "ಆ... ಆ..." ಎನ್ನದೆ ಇನ್ನೇನು ಅಂದಾರು?

ಹಾಗೆ ಒಪ್ಪಿಕೊಂಡವರಲ್ಲಿ ಮೂವರು ನಿಜಕ್ಕೂ ಬಂದರು: ಬೇಕರಿಯವನು, ಬಸ್ ಕಂಡಕ್ಟರಮ್ಮ, ನಿವೃತ್ತ ಗಣಿತದ ಮೇಷ್ಟ್ರು. ಬೇಕರಿಯವನ ದವಡೆ ಹಲ್ಲಿನ ಕೆಲಸ ಅರ್ಧಕ್ಕೆ ನಿಂತಿತ್ತು. ಡಾಕ್ಟರನ್ನು ಎದುರುಹಾಕಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಮೂಲೆಯಲ್ಲಿ ಡಾಕ್ಟರ ಅತ್ತೆ ಬಟಾಣಿ ಸುಲಿಯುತ್ತ ಕೂತಿದ್ದರು.

ಡಾಕ್ಟರು ರೇಡಿಯೋ ಅಲೆಗಳು ಆಕಾಶಕ್ಕೆ ಬಡಿದು ಹಿಂದಿರುಗುವ ಬಗೆಯನ್ನು ವಿವರಿಸಿದರು. ಮೇಷ್ಟ್ರು ತೂಕಡಿಸಿದರು. ಕಂಡಕ್ಟರಮ್ಮ, "ಫೋನ್ ಇದೆಯಲ್ಲ ಸಾರ್?" ಎಂದಳು.

"ಫೋನಲ್ಲಿ ಗೊತ್ತಿದ್ದೋರ ಜೊತೆ ಮಾತಾಡ್ತೀರಿ. ಇದರಲ್ಲಿ ಯಾರು ಸಿಗ್ತಾರೋ ಗೊತ್ತಿಲ್ಲ. ಅದೇ ಮಜಾ!"

"ನಮ್ಮ ಬಸ್ಸಲ್ಲೂ ಹಂಗೇ ಸಾರ್. ಮಜಾ ಏನಿಲ್ಲ."

ಡಾಕ್ಟರು ಮೈಕ್ ಹಿಡಿದು "ಸಿಕ್ಯೂ, ಸಿಕ್ಯೂ" ಎಂದು, ಅಂದರೆ ಕೇಳುವವರು ಯಾರಾದರೂ ಇದ್ದೀರಾ ಎಂದು, ಗಂಟಲು ಒಣಗುವವರೆಗೆ ಕೂಗಿದರು. ಕೊನೆಗೊಂದು ದನಿ ತೇಲಿಬಂತು. ದೂರದ ದ್ವೀಪವೊಂದರ ಹವಾಮಾನ ಕೇಂದ್ರದವನು, ಅದೃಷ್ಟಕ್ಕೆ ಕನ್ನಡದವನೇ. ಎಲ್ಲರೂ ನೆಟ್ಟಗೆ ಕೂತರು. ಡಾಕ್ಟರು ಅವನ ದನಿ ಎಷ್ಟು ಸ್ಪಷ್ಟ ಎಂದು ಹೇಳಿದರು, ಅವನೂ ಹೇಳಿದ. ಮುಂದೆ ಏನು ಮಾತಾಡುವುದೆಂದು ಇಬ್ಬರಿಗೂ ತೋಚಲಿಲ್ಲ.

"ಇಷ್ಟೇನಾ ಅಳಿಯಂದ್ರೇ? ಇಷ್ಟಕ್ಕೆ ಅಷ್ಟುದ್ದ ತಂತಿನಾ?" ಎಂದರು ಅತ್ತೆ.

"ನೀವೇ ಮಾತಾಡಿ ನೋಡಿ. ಪರವಾನಗಿ ಇರೋನು ನಾನು ಪಕ್ಕದಲ್ಲೇ ಇದ್ದೀನಿ."

ಅತ್ತೆ ಮಡಿಲಿನ ಬಟಾಣಿ ಕೆಳಗಿಟ್ಟು ಮೈಕ್ ತಗೊಂಡರು. "ಏನಪ್ಪಾ, ಊಟ ಆಯ್ತಾ? ಅಡುಗೆ ಯಾರು ಮಾಡ್ತಾರೆ? ಒಬ್ಬನೇ ಇದ್ದೀಯಾ? ಯಾಕೆ ಸುಮ್ಮನಿದ್ದೀಯಾ?"

"ಗುಂಡಿ ಬಿಡಿ ಅತ್ತೆ! ನೀವು ಒತ್ತಿ ಹಿಡಿದಿರೋವರೆಗೆ ಅವನ ಮಾತು ಕೇಳಿಸೋದಿಲ್ಲ."

"ಹೌದಾ? ಎಂಥ ಒಳ್ಳೆ ಯಂತ್ರ! ನಿಮ್ಮ ಮಾವನೋರು ಇದ್ದಾಗ ಇದು ಸಿಗಲಿಲ್ಲವಲ್ಲ!"

ಗುಂಡಿ ಬಿಟ್ಟಿದ್ದೇ ತಡ, ದ್ವೀಪದವನು ಒಡಲ ಗೋಳು ತೋಡಿಕೊಂಡ. ಅಲ್ಲಿ ಇರುವುದೇ ಇಬ್ಬರು, ಇಬ್ಬರೂ ಕನ್ನಡದವರೇ. ಉಪ್ಪು ಹೆಚ್ಚಾಯಿತೆಂದು ಜಗಳವಾಗಿ, ವಾರದಿಂದ ಮಾತೇ ಇಲ್ಲ.

"ಕರಿ ಅವನನ್ನ," ಎಂದರು ಅತ್ತೆ.

ಎರಡನೆಯವನು ಬಂದ. ತನ್ನ ಕೈ ಅಡುಗೆಗೆ ಹೆಸರಿಟ್ಟದ್ದು ಇವನೇ ಎಂದ. ಅತ್ತೆ ಇಬ್ಬರಿಗೂ ಸಮನಾಗಿ ಬೈದರು. "ಸುತ್ತಲೂ ಸಮುದ್ರ ಇಟ್ಕೊಂಡು ಉಪ್ಪಿಗೆ ಜಗಳ ಆಡ್ತೀರಲ್ಲೋ!" ಎಂದಾಗ ಆ ಕಡೆ ಒಬ್ಬ ಕಿಸಕ್ಕೆಂದ, ಇನ್ನೊಬ್ಬ ಹೋ ಎಂದು ನಕ್ಕ. ಆಮೇಲೆ ಇಬ್ಬರೂ ಒಂದೇ ಮೈಕಿಗೆ ಬಾಯಿಟ್ಟು ಮಾತಾಡತೊಡಗಿದರು.

ಮೇಷ್ಟ್ರ ನಿದ್ದೆ ಹಾರಿತ್ತು. "ನನಗೊಂದು ಸಲ ಕೊಡಿ," ಎಂದು ಕಂಡಕ್ಟರಮ್ಮ ಮುಂದೆ ಬಂದಳು. ಬೇಕರಿಯವನ ಸರದಿ ಬಂದಾಗ ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಮಸ್ಕಾರ. ನಾನು... ಬ್ರೆಡ್ ಮಾಡ್ತೀನಿ. ಓವರ್," ಎಂದು ಡಾಕ್ಟರು ಹೇಳಿಕೊಟ್ಟಂತೆ ಮಾತು ಮುಗಿಸಿ ಬೆವರೊರೆಸಿಕೊಂಡ. ಅಷ್ಟು ದೂರದಿಂದ "ನಮಸ್ಕಾರ ಬ್ರೆಡ್ಡಣ್ಣ!" ಎಂಬ ಉತ್ತರ ಬಂದಾಗ ಅವನ ಮುಖ ಅರಳಿದ್ದನ್ನು ಕಂಡು ಡಾಕ್ಟರಿಗೆ ತಮ್ಮ ಮೊದಲ ದಿನ ನೆನಪಾಗಿ ಕಣ್ಣು ತುಂಬಿತು.

ಆಮೇಲೆ ಮೂವರೂ ಹ್ಯಾಮ್ ಪರವಾನಗಿಯ ಪರೀಕ್ಷೆಗೆ ಓದಲು ಕೂತರು, ಅತ್ತೆಯೂ ಕೂತರು. ವಿದ್ಯುತ್ತಿನ ಲೆಕ್ಕ ತಲೆಗೆ ಹತ್ತದೆ ಮೊದಲ ಸಲ ಅತ್ತೆ ಫೇಲಾದರು. ಮೇಷ್ಟ್ರು ಹೇಳಿಕೊಟ್ಟು ಎರಡನೇ ಸಲ ಪಾಸು ಮಾಡಿಸಿದರು. ಈಗ ಭಾನುವಾರ ಹೊಸಬರು ಬಂದು ಬಾಗಿಲು ತಟ್ಟಿ, "ಅಮ್ಮಾವ್ರು ಇದ್ದಾರಾ?" ಎಂದು ಕೇಳುತ್ತಾರೆ. ಡಾಕ್ಟರು ಅವರಿಗೆ ಕುರ್ಚಿ ಹಾಕಿ, ತಾವೂ ಒಂದು ಎಳೆದುಕೊಂಡು ಸಾಲಿನ ಕೊನೆಯಲ್ಲಿ ಕೂರುತ್ತಾರೆ.