ಮುಖ ಕಪ್ಪಾಗುವ ಮುನ್ನ

ಫೆಬ್ರವರಿ ಹದಿನೇಳು, ಶನಿವಾರ. ಹಿತ್ತಿಲಿನ ಹಕ್ಕಿಮನೆಯಲ್ಲಿ ಐದು ಹಕ್ಕಿಗಳಿರಬೇಕಾಗಿತ್ತು. ಊರವರು ತಕ್ಕಡಿ ಎಂದು ಕರೆಯುವ ಅವನು ಎರಡು ಸಲ ಎಣಿಸಿದರೂ ನಾಲ್ಕೇ ಬಂದವು. ಐದನೆಯದು ಕಾಳಿನ ತಟ್ಟೆಯ ಹಿಂದೆ, ಜಾಲರಿಯು ಗೋಡೆಗೆ ಸೇರುವ ಮೂಲೆಯಲ್ಲಿ ಕವುಚಿ ಬಿದ್ದಿತ್ತು. ನೆತ್ತಿಯ ಗರಿ ಕಿತ್ತುಹೋಗಿ ಚರ್ಮ ಕಾಣುತ್ತಿತ್ತು. ಗಿರಣಿಯ ಬಾಗಿಲಲ್ಲಿ ಮೂಟೆ ತೂಗಿ ತೂಗಿಯೇ ಆ ಅಡ್ಡಹೆಸರು ಪಡೆದಿದ್ದ ಮನುಷ್ಯ ಅದನ್ನು ಅಂಗೈಯಲ್ಲಿಟ್ಟುಕೊಂಡು ನಿಂತ. ಕೈಯಲ್ಲಿ ಏನೋ ಇದೆ ಎನ್ನುವಷ್ಟು ಭಾರವೂ ಇರಲಿಲ್ಲ.

ಮೇಲಿನ ಕೊಂಬೆಯ ಮೇಲೆ ತಂದೆ ಹಕ್ಕಿ ಕುಳಿತು ಕೊಕ್ಕನ್ನು ಆ ಬದಿ ಈ ಬದಿ ಮರಕ್ಕೆ ಉಜ್ಜುತ್ತಿತ್ತು.

"ಸಿಕ್ತೇನ್ರೀ?" ಎಂದು ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದಳು. ಅವನ ಕೈ ನೋಡಿದ ಮೇಲೆ ದನಿ ತಗ್ಗಿತು, ಮಾತು ತಗ್ಗಲಿಲ್ಲ. "ಮೊನ್ನೆಯೇ ಹೇಳ್ದೆ, ಅದರ ಕೆನ್ನೆಗೆ ಮಸಿ ಹತ್ತಿದೆ ಅಂತ. ಇನ್ನೂ ನಾಲ್ಕು ದಿನ ಇದೆ ಅಂದ್ರಿ. ಹಕ್ಕಿಗೇನು ನಿಮ್ಮ ಕ್ಯಾಲೆಂಡರ್ ಓದೋಕೆ ಬರುತ್ತಾ?"

ಅವನು ಜಾಲರಿಯ ಬಾಗಿಲು ಹಾಕಿದ.

ಈ ಜಾತಿಯ ಫಿಂಚ್ ಹಕ್ಕಿ ಗುಬ್ಬಿಗಿಂತ ಚಿಕ್ಕದು. ಆದರೆ ಒಂದು ಸೂರಿನ ಕೆಳಗೆ ಎರಡು ಗಂಡುಗಳು ಬಾಳುವುದಿಲ್ಲ. ಬೆಳೆದ ಗಂಡಿನ ಮುಖ ಕಪ್ಪು, ಕೊರಳಿಗೆ ಹಳದಿ ಪಟ್ಟಿ. ಮರಿಯ ಮುಖ ಬೂದುಬಣ್ಣದ್ದಾಗಿರುವವರೆಗೆ ತಂದೆ ಅದರ ಬಾಯಿಗೆ ಕಾಳು ಇಡುತ್ತದೆ. ಕಪ್ಪು ಮೂಡಿದೊಡನೆ ಅದು ಮಗನಲ್ಲ, ಗಡಿ ದಾಟಿ ಬಂದ ಬೇರೊಂದು ಗಂಡು. ಆದ್ದರಿಂದ ಅದಕ್ಕೂ ಮೊದಲೇ ಮರಿಯನ್ನು ಬೇರೆ ಪಂಜರಕ್ಕೆ ಹಾಕಬೇಕು. ತೀರ ಬೇಗ ಹಾಕಿದರೂ ತಪ್ಪು: ತಾನೇ ಕಾಳು ಒಡೆಯಲು ಬಾರದೆ ಹಸಿದು ಸಾಯುತ್ತದೆ. ಹಿಂದಿನ ಸಲ ತಕ್ಕಡಿ ಅವಸರಪಟ್ಟು ಎರಡು ಮರಿಗಳನ್ನು ಹಾಗೆ ಕಳೆದುಕೊಂಡಿದ್ದ. ಈ ಸಲ ಗೂಡಿನಿಂದ ಹೊರಬಿದ್ದ ದಿನದಿಂದ ಮೂವತ್ತೈದು ಎಂದು ನಿಶ್ಚಯಿಸಿಕೊಂಡಿದ್ದ. ಇದು ಮೂವತ್ತಮೂರನೆಯ ದಿನ.

ಮರಿಗಳಲ್ಲಿ ಗಂಡೆಂದರೆ ಈ ಸತ್ತದ್ದೊಂದೇ. ಉಳಿದೆರಡೂ ಹೆಣ್ಣು, ಹೆಣ್ಣು ಹಾಡುವುದಿಲ್ಲ.

ಈ ಜೋಡಿಯನ್ನು ಅವನಿಗೆ ಕೊಟ್ಟವನು ಗಡಿಯಾರ ರಿಪೇರಿಯ ಗೆಳೆಯ. ಊರೆಲ್ಲ ಅವನನ್ನು ಕರೆಯುವುದು ಮುಳ್ಳು ಎಂದು, ಗಡಿಯಾರದ ಮುಳ್ಳು. ವರ್ಷಗಟ್ಟಲೆ ಗರಿಯ ಧೂಳು ಕುಡಿದು ಅವನ ಶ್ವಾಸಕೋಶ ಗಟ್ಟಿಯಾಗಿತ್ತು. ಹಕ್ಕಿ ಬೇಕೋ ಉಸಿರು ಬೇಕೋ ಎಂದು ಡಾಕ್ಟರು ಕೇಳಿದಾಗ ಎಲ್ಲವನ್ನೂ ಹಂಚಿ, ಕೊನೆಯ ಜೋಡಿಯನ್ನು ತಕ್ಕಡಿಯ ಕೈಗಿಟ್ಟಿದ್ದ. ಹಕ್ಕಿ ಸಾಕುವವರು ಹೀಗೆ ಕೊಟ್ಟ ಜೋಡಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಒಂದೇ ಕರಾರು: ಬೆಳೆದು ನಿಂತ ಮೊದಲ ಗಂಡು ಮರಿ ಕೊಟ್ಟವನದು.

"ಸಾಕೋ ಯೋಗ ನನಗಿನ್ನಿಲ್ಲ," ಎಂದಿದ್ದ ಮುಳ್ಳು. "ತಂದು ಕಿಟಕಿ ಆಚೆ ಇಡು. ಒಂದ್ಸಲ ಹಾಡ್ಲಿ. ವಂಶ ಮುಂದೆ ಹೋಯ್ತು ಅಂತ ಕಿವಿಗೆ ಬಿದ್ರೆ ಸಾಕು. ಇನ್ನೊಂದು ಮಾತು ಕಣೋ ತಕ್ಕಡಿ, ದಿನ ಎಣಿಸ್ಬೇಡ. ಮುಖ ನೋಡು."

ಮರಿಯನ್ನು ತರುವುದು ಬರುವ ಸೋಮವಾರವೆಂದು ಮಾತಾಗಿತ್ತು. ಅದೇ ಶನಿವಾರ ಸಂಜೆ ಮುಳ್ಳಿನ ಮಗಳು ಫೋನು ಮಾಡಿದಳು. "ಮಾಮ, ಸೋಮವಾರ ಅಂದ್ರೆ ಸೋಮವಾರವೇ ಬನ್ನಿ. ಮುಂದಕ್ಕೆ ಹಾಕ್ಬೇಡಿ."

ಸೋಮವಾರ ಬೆಳಿಗ್ಗೆ ತಕ್ಕಡಿ ಬಲೆ ಹಿಡಿದು ಹಕ್ಕಿಮನೆಗೆ ನುಗ್ಗಿ ತಂದೆ ಹಕ್ಕಿಯನ್ನು ಹಿಡಿದ. ಸಣ್ಣ ಪಂಜರಕ್ಕೆ ಹಾಕಿ, ತಾನು ಗಡ್ಡ ಹೆರೆದುಕೊಳ್ಳುವ ಕನ್ನಡಿಯನ್ನು ಅದರ ಪಕ್ಕಕ್ಕೆ ತಂತಿಯಿಂದ ಬಿಗಿದ. ಹೊಸ ಜಾಗದಲ್ಲಿ ಈ ಹಕ್ಕಿ ಮೂಕವಾಗುತ್ತದೆ. ಎದುರಿಗೆ ಇನ್ನೊಂದು ಗಂಡು ಕಂಡರೆ ಮಾತ್ರ ಬಾಯಿ ಬಿಡುತ್ತದೆ.

"ಸಾಯೋ ಮನುಷ್ಯನಿಗೆ ಸುಳ್ಳು ಹೇಳೋಕೆ ಹೊರಟ್ರಾ?" ಎಂದಳು ಹೆಂಡತಿ.

"ಮರಿ ಕಲಿಯೋದು ಅಪ್ಪನ ಹಾಡನ್ನೇ. ಹಾಡು ಅದೇ."

"ಹಾಡು ಅದೇ. ಹಾಡೋನು?"

ಅವನು ಪಂಜರಕ್ಕೆ ಬಟ್ಟೆ ಹೊದಿಸಿದ.

ಮುಳ್ಳಿನ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದಿದ್ದರು. ಮೂಗಿಗೆ ನಳಿಗೆ, ಬೆನ್ನಿಗೆ ಮೂರು ದಿಂಬು. ಗೋಡೆಯ ಗಡಿಯಾರಗಳಲ್ಲಿ ಒಂದು ಮಾತ್ರ ನಡೆಯುತ್ತಿತ್ತು. ತಕ್ಕಡಿ ಹೊರಗಿನ ಕಟ್ಟೆಯ ಮೇಲೆ ಪಂಜರವಿಟ್ಟು ಬಟ್ಟೆ ಸರಿಸಿದ. ಒಳಗಿನಿಂದ ಮುಳ್ಳು ಕಿಟಕಿ ತೆಗೆ ಎಂದು ಬೆರಳಾಡಿಸಿದ.

"ಬೇಡಪ್ಪ, ಗಾಜಿನಾಚೆಯಿಂದಲೇ ಕೇಳುತ್ತೆ," ಎಂದಳು ಮಗಳು.

"ಎರಡು ಬೆರಳಷ್ಟು ತೆಗಿಯೇ. ಉಳಿಸಿ ಯಾರಿಗೆ ಕೊಡ್ಲಿ ಈ ಉಸಿರನ್ನ?"

ಕಿಟಕಿ ಎರಡು ಬೆರಳಷ್ಟು ತೆರೆಯಿತು. ಹಕ್ಕಿ ಕುಳಿತಲ್ಲೇ ಕುಳಿತಿತ್ತು. ಆಮೇಲೆ ಕನ್ನಡಿಯ ಕಡೆ ತಿರುಗಿ, ಮೈಯನ್ನು ಸೆಟೆಸಿ, ಹಳದಿ ಕೊರಳು ಉಬ್ಬಿಸಿ ಹಾಡಿತು. ತೆಳುವಾದ, ಚೂಪಾದ, ಒಂದು ಸ್ವರವೂ ತಪ್ಪದ ಹಾಡು. ಮುಗಿಸಿ ಮತ್ತೆ ಮೊದಲಿನಿಂದ ಹಾಡಿತು. ಮುಳ್ಳು ಕಣ್ಣು ಮುಚ್ಚಿ ಕೇಳಿದ.

"ತಕ್ಕಡಿ."

"ಹೇಳೋ."

"ಮರಿಗೆ ಕನ್ನಡಿ ಯಾಕೋ?"

ತಕ್ಕಡಿಯ ಕೈ ಪಂಜರದ ತಂತಿಯ ಮೇಲೆಯೇ ಉಳಿಯಿತು.

"ಮರಿ ತನ್ನಷ್ಟಕ್ಕೇ ಗೊಣಗುತ್ತೆ. ಅರ್ಧ ಹಾಡಿ ಮರೀತದೆ, ಮತ್ತೆ ಶುರು ಮಾಡುತ್ತೆ. ಜಗಳಕ್ಕೆ ಹಾಡೋನು ಇವನು. ಇವನು ನನ್ನ ಹಕ್ಕಿ." ಮುಳ್ಳು ಉಸಿರಿಗಾಗಿ ನಿಂತ. "ಯಾವತ್ತು ಹೋಯ್ತು?"

"ಶನಿವಾರ."

"ದಿನ ಎಣಿಸ್ದೆ."

"ಹೂಂ."

"ನಿನ್ನ ತಲೆಗಿಷ್ಟು. ಮೂಟೆ ಅಂದ್ಕೊಂಡ್ಯಾ ಅದನ್ನ?" ನಗಲು ಹೋಗಿ ಕೆಮ್ಮು ಹತ್ತಿತು. ಮಗಳು ಬೆನ್ನು ನೀವಿದಳು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ನಿನಗೊಂದು ಮರಿ ಕೊಡೋದು ಬಾಕಿ ಇದೆ ಕಣೋ," ಎಂದ ತಕ್ಕಡಿ. "ಮುಂದಿನ ಸಲ ಮುಖ ನೋಡ್ತೀನಿ. ತಂದು ಕೊಡ್ತೀನಿ."

ಮುಳ್ಳು ಅವನನ್ನು ನೋಡಿದ. ಕೋಪವಿರಲಿಲ್ಲ. "ಯಾರಿಗೆ?" ಎಂದ.

ಮಗಳು ಕಿಟಕಿ ಮುಚ್ಚಿದಳು.

ಮನೆಗೆ ಬಂದು ತಕ್ಕಡಿ ಹಕ್ಕಿಯನ್ನು ಬಿಟ್ಟ. ಅದು ನೇರವಾಗಿ ಮೇಲಿನ ಕೊಂಬೆಗೆ ಹಾರಿ, ನಾಲ್ಕೂ ಮೂಲೆಗಳನ್ನು ನೋಡಿತು. ಪ್ರತಿಸ್ಪರ್ಧಿ ಯಾರೂ ಇರಲಿಲ್ಲ. ಅವನು ಪಂಜರದಿಂದ ಕನ್ನಡಿ ಬಿಚ್ಚಿ, ಮೇಲೆ ಅಂಟಿದ್ದ ಹೊಟ್ಟನ್ನು ಊದಿ, ಬಚ್ಚಲುಮನೆಯ ಮೊಳೆಗೆ ಮೊದಲಿನಂತೆ ತೂಗುಹಾಕಿದ. ಅದರೊಳಗೆ ನೋಡಲಿಲ್ಲ.