ಅತ್ತಿಗೆಯ ಕಾಲಿಗೆ ಬಿಸಿನೀರು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳದು ಇಸ್ತ್ರಿ ಕೆಲಸ. ಇಪ್ಪತ್ತೆರಡು ವರ್ಷ ಅದೇ ಉದ್ದನೆಯ ಮೇಜಿನ ಮುಂದೆ ನಿಂತಿದ್ದಳು. ಒದ್ದೆ ಬೆರಳನ್ನು ಇಸ್ತ್ರಿ ಪೆಟ್ಟಿಗೆಗೆ ತಾಕಿಸಿಯೇ, ದಿಂಬಿನ ಕವರಿಗೆ ಈ ಕಾವು ಸಾಕು, ಡಾಕ್ಟರ ಕೋಟಿಗೆ ಇನ್ನೂ ಸ್ವಲ್ಪ ಬೇಕು ಎಂದು ಹೇಳಿಬಿಡುವಳು.

ಗಂಡ ತೀರಿಕೊಂಡ ವರ್ಷ ಅವಳ ಕಾಲು ಜೋಮು ಹಿಡಿಯತೊಡಗಿತು. ಮೊದಲು ಬೆರಳ ತುದಿ, ಆಮೇಲೆ ಇಡೀ ಪಾದ. ಒಂದು ದಿನ ಎಡಗಾಲಿನ ಚಪ್ಪಲಿ ಜಾರಿದ್ದೇ ತಿಳಿಯದೆ ಅರ್ಧ ಕಾರಿಡಾರು ನಡೆದುಬಂದಳು. ಹಿಂದಿನಿಂದ ಯಾರೋ ಚಪ್ಪಲಿ ತಂದುಕೊಟ್ಟರು. ಮೇಲಿನ ಮಹಡಿಯಲ್ಲೇ ಡಾಕ್ಟರಿದ್ದರೂ ಹೋಗಿ ತೋರಿಸಲಿಲ್ಲ. ಹೇಳಿಕೊಳ್ಳುವಷ್ಟು ದೊಡ್ಡ ವಿಷಯ ಅನ್ನಿಸಲಿಲ್ಲ. ಆ ವರ್ಷ ಅವಳಿಗೆ ಯಾವುದೂ ಹಾಗೆ ಅನ್ನಿಸಿರಲಿಲ್ಲ.

ಕೊನೆಗೆ ಪತ್ತೆ ಹಚ್ಚಿದವಳು ನಾದಿನಿ. ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅವಳು ಐವತ್ತು ದಾಟಿದರೂ ಮನೆಯವರ ಬಾಯಲ್ಲಿ ಪುಟ್ಟಿಯೇ. ಇಬ್ಬರಿಗೂ ಅಷ್ಟಕ್ಕಷ್ಟೇ. ಅಣ್ಣ ಹೋದ ದಿನ ಅತ್ತಿಗೆ ಒಂದು ಹನಿ ಕಣ್ಣೀರು ಹಾಕದೆ ಬಂದವರಿಗೆ ಕುರ್ಚಿ ಹಾಕುತ್ತ ಓಡಾಡಿದ್ದು ಪುಟ್ಟಿಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಆದರೂ ಒಂದು ಭಾನುವಾರ ಅತ್ತಿಗೆ ಮೆಟ್ಟಿಲಲ್ಲಿ ಎಡವಿದ್ದನ್ನು ಕಂಡು, ಕೂರಿಸಿ, ಪಾದ ಮುಟ್ಟಿ ನೋಡಿದಳು.

"ಇದೇನತ್ತಿಗೆ, ಮಂಜುಗಡ್ಡೆ ಆಗಿದೆಯಲ್ಲ. ಯಾವಾಗಿಂದ?"

"ಇರಬಹುದು, ಒಂದಾರು ತಿಂಗಳು."

"ನಿಂತು ನಿಂತು ರಕ್ತ ಓಡೋದೇ ನಿಂತಿದೆ. ನನ್ನ ಕೈಗೆ ಬಿಡಿ, ಒಂದು ತಿಂಗಳಲ್ಲಿ ಕುದುರೆ ಹಾಗೆ ಓಡಿಸ್ತೀನಿ."

ಅಂದಿನಿಂದ ದಿನಾ ಸಂಜೆ ಅಂಗಡಿ ಮುಚ್ಚಿದವಳೇ ನೇರ ಇಲ್ಲಿಗೆ. ಮೊದಲು ಶುಂಠಿ ಕಷಾಯ. ಆಮೇಲೆ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಪಾದದಿಂದ ಮೊಣಕಾಲಿನವರೆಗೆ ತಿಕ್ಕುವುದು. "ಯಾವಾಗಲೂ ಕೆಳಗಿಂದ ಮೇಲಕ್ಕೆ, ಎದೆ ಕಡೆಗೆ" ಎಂದು ಪಾಠ ಬೇರೆ. ನಂತರ ಹತ್ತು ನಿಮಿಷ ಕಾಲನ್ನು ಗೋಡೆಗೆ ಎತ್ತಿಟ್ಟು ಮಲಗಬೇಕು. ಕೊನೆಗೆ ಉಪ್ಪು ಹಾಕಿದ ಬಿಸಿನೀರಿನ ಬಕೆಟ್ಟು. ಅತ್ತಿಗೆ ಹೇಳಿದ್ದನ್ನೆಲ್ಲ ಮಾಡಿದಳು. ಹಿತವಾಗಿದೆಯಾ ಎಂದರೆ ಹ್ಞೂಂ ಅನ್ನುವಳು. ನಿಜಕ್ಕೂ ಪುಟ್ಟಿಯ ಕೈ ಎಲ್ಲಿ ಓಡಾಡುತ್ತಿದೆ ಎಂಬುದು ಕಣ್ಣು ತೆರೆದು ನೋಡಿದರೆ ಮಾತ್ರ ತಿಳಿಯುತ್ತಿತ್ತು. ಸುಳ್ಳು ಹೇಳುತ್ತಿದ್ದೇನೆ ಎಂಬ ಬೇಸರವೂ ಆಗಲಿಲ್ಲ.

ಮೂರನೇ ವಾರ ಒಂದು ಸಂಜೆ ಪುಟ್ಟಿ ಕುದಿಯುವ ನೀರನ್ನು ಬಕೆಟ್ಟಿಗೆ ಸುರಿದು, ತಣ್ಣೀರು ಬೆರೆಸುವಷ್ಟರಲ್ಲಿ ಫೋನು ಬಂತು. ಯಾರದೋ ಕೋಟಿನ ತೋಳು ಉದ್ದವಾಗಿತ್ತಂತೆ. ಮಾತಾಡುತ್ತ ಹೊರಗೆ ಹೋದಳು. ತಣ್ಣೀರು ಬೆರೆಸಿಯಾಗಿದೆ ಎಂದುಕೊಂಡ ಅತ್ತಿಗೆ ಎರಡೂ ಕಾಲು ಇಳಿಬಿಟ್ಟಳು. ಬಕೆಟ್ಟಿನಿಂದ ಹಬೆ ಏಳುತ್ತಿತ್ತು. ದಿನವಿಡೀ ಹಬೆಯಲ್ಲೇ ಬದುಕುವವಳಿಗೆ ಅದು ಕಣ್ಣಿಗೇ ಬೀಳಲಿಲ್ಲ. ಕಿಟಕಿಯಾಚೆ ಎದುರು ಮನೆಯಾಕೆ ಒಣಗಿದ ಬಟ್ಟೆ ತೆಗೆಯುವುದನ್ನು ನೋಡುತ್ತ ಕೂತಳು.

ಪುಟ್ಟಿ ವಾಪಸು ಬಂದು ನೀರಿಗೆ ಬೆರಳಿಟ್ಟವಳು ಚುರ್ರೆಂದು ಕೈ ಎಳೆದುಕೊಂಡಳು.

"ಅತ್ತಿಗೆ, ಕಾಲು ತೆಗೀರಿ. ತೆಗೀರಿ ಮೊದಲು."

"ಯಾಕೆ?"

ಕಾಲು ಹೊರಬಂದಾಗ ಕಣಕಾಲಿನವರೆಗೆ ಕೆಂಪಗೆ ಬೆಂದಿತ್ತು. ಹಿಮ್ಮಡಿಯ ಬಳಿ ಚರ್ಮ ಗುಳ್ಳೆಯಾಗಿ ಏಳುತ್ತಿತ್ತು. ಯಾರ ಕಾಲನ್ನೋ ನೋಡುವಂತೆ ಅತ್ತಿಗೆ ಅದನ್ನೇ ನೋಡಿದಳು. ಪುಟ್ಟಿ ತಣ್ಣೀರು ಹುಯ್ಯುತ್ತ ಹುಯ್ಯುತ್ತ ನೆಲದ ಮೇಲೆ ಕುಸಿದು ಅಳತೊಡಗಿದಳು.

"ನೋವಾಗ್ತಿಲ್ವಾ?"

"ಇಲ್ಲ ಪುಟ್ಟಿ."

"ಸ್ವಲ್ಪಾನೂ?"

"ಏನೂ ಗೊತ್ತಾಗ್ತಿಲ್ಲ. ನಿಮ್ಮಣ್ಣ ಹೋದಾಗಲೂ ಹೀಗೇ ಇತ್ತು. ಅಳು ಬರಲಿ ಅಂತ ಬಚ್ಚಲಿಗೆ ಹೋಗಿ ನಿಂತುಕೊಂಡೆ. ಬರಲಿಲ್ಲ. ಅಷ್ಟರಲ್ಲಿ ಯಾರೋ ಕುರ್ಚಿ ಸಾಲದು ಅಂದರು."

ಪುಟ್ಟಿ ಇನ್ನೊಂದು ಚೊಂಬು ತಣ್ಣೀರು ಹುಯ್ದಳು. ಆಮೇಲೆ ತಲೆ ತಗ್ಗಿಸಿಯೇ ಅಂದಳು, "ಅತ್ತಿಗೇದು ಕಲ್ಲು ಮನಸ್ಸು ಅಂತ ನೆಂಟರಿಗೆಲ್ಲ ಹೇಳ್ಕೊಂಡು ಬಂದೆ."

"ಗೊತ್ತು."

"ಗೊತ್ತಿದ್ದೂ ಏನೂ ಅನ್ನಲಿಲ್ಲವಲ್ಲ."

"ಏನನ್ನಲಿ? ಆಟೋ ಕರಿ, ಆಸ್ಪತ್ರೆಗೆ ಹೋಗೋಣ."

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ, ಬಹುಶಃ ವರ್ಷಗಳಿಂದಲೇ ಇದೆ ಎಂದರು. ರಕ್ತದ ಓಟ ಕಡಿಮೆ ಇದೆ, ಅದಕ್ಕಿಂತ ಹೆಚ್ಚಾಗಿ ನರಗಳೇ ಸೋತಿವೆ. ಸ್ಪರ್ಶ ಗೊತ್ತಾಗದ ಕಾಲನ್ನು ಬಿಸಿನೀರಿಗೆ ಇಡಲೇಬಾರದು. ದಿನಾ ನಡೆಯಿರಿ, ಒಂದೇ ಕಡೆ ನಿಲ್ಲಬೇಡಿ, ಬರಿಗಾಲಲ್ಲಿ ಓಡಾಡಬೇಡಿ, ಅಂಗಾಲನ್ನು ಪ್ರತಿದಿನ ಕನ್ನಡಿಯಲ್ಲಿ ನೋಡಿಕೊಳ್ಳಿ. ಪುಟ್ಟಿ ಪ್ರತಿಯೊಂದನ್ನೂ ಅಂಗಡಿಯ ರಸೀದಿಯ ಹಿಂದೆ ಬರೆದುಕೊಂಡಳು.

ಗಾಯ ಒಣಗಲು ಮೂರು ತಿಂಗಳು ಹಿಡಿಯಿತು. ಬಲಗಾಲಿನ ಕಿರುಬೆರಳು ಉಳಿಯಲಿಲ್ಲ. ಅದನ್ನು ತೆಗೆಯುವ ಮುಂಚೆ ಸಹಿ ಹಾಕುವಾಗಲೂ ಅವಳಿಗೆ ವಿಶೇಷವಾಗಿ ಏನೂ ಅನ್ನಿಸಲಿಲ್ಲ. ಕೆಲಸಕ್ಕೆ ಮರಳಿದಾಗ ಮೇಲ್ವಿಚಾರಕರು ಅವಳನ್ನು ಬಟ್ಟೆ ಮಡಿಸುವ ಕಡೆಗೆ ಹಾಕಿದರು. ಅಲ್ಲಿ ಕೂತು ಕೆಲಸ ಮಾಡಬಹುದು, ಬೇಕೆಂದಾಗ ಎದ್ದು ನಡೆಯಬಹುದು.

ಪುಟ್ಟಿ ಈಗ ಸಂಜೆಯ ಬದಲು ಬೆಳಿಗ್ಗೆ ಬರುತ್ತಾಳೆ. ಇಬ್ಬರೂ ಉದ್ಯಾನವನ್ನು ಎರಡು ಸುತ್ತು ಹಾಕಿ ಮನೆಗೆ ಬರುತ್ತಾರೆ. ಪುಟ್ಟಿ ಕನ್ನಡಕ ಏರಿಸಿ, ಅತ್ತಿಗೆಯ ಕಾಲನ್ನು ಮಡಿಲಲ್ಲಿಟ್ಟುಕೊಂಡು, ಬೆರಳ ಸಂದಿಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ನೋಡುತ್ತಾಳೆ.

"ಏನಾದರೂ ಇದೆಯಾ?" ಎಂದು ಅತ್ತಿಗೆ ಕೇಳುತ್ತಾಳೆ.

"ಏನಿಲ್ಲ. ಆ ಕಾಲು ಕೊಡಿ."